ತಂತಿ ಕಡಿದರೆ ಚಳಿ, ತಂತಿ ತಾಗಿದರೆ ಜ್ವರ: ಎಕ್ಸ್‌ಕವೇಟರ್ ಕೂಲಂಟ್ ಸೆನ್ಸರ್ ದೋಷ ಹುಡುಕುವ ಬಗೆ

ರಾತ್ರಿಯಿಡೀ ನಿಂತಿದ್ದ ಎಕ್ಸ್‌ಕವೇಟರ್. ಬೆಳಿಗ್ಗೆ ಕೀ ಆನ್ ಮಾಡಿದರೆ ಎಂಜಿನ್ ಇನ್ನೂ ಸ್ಟಾರ್ಟ್ ಆಗಿಲ್ಲ, ಆಗಲೇ ಮಾನಿಟರ್‌ನಲ್ಲಿ ತಾಪಮಾನದ ಮುಳ್ಳು ಕೆಂಪು ಗೆರೆ ದಾಟಿದೆ, ಬಜರ್ ಕಿರುಚುತ್ತಿದೆ. ಇನ್ನೊಂದು ಯಂತ್ರದಲ್ಲಿ ಇದರ ಉಲ್ಟಾ: ಎರಡು ಗಂಟೆ ಅಗೆದರೂ ಮುಳ್ಳು ತಳ ಬಿಟ್ಟು ಮೇಲೇಳುವುದಿಲ್ಲ, ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲಿ ಭೋರ್ಗರೆಯುತ್ತಿರುತ್ತದೆ. ಎರಡೂ ಕಡೆ ಮೊದಲು ಕೇಳಿಬರುವ ಮಾತು ಒಂದೇ, ‘ಸೆನ್ಸರ್ ಹೋಗಿದೆ, ಬದಲಿಸಿ’. ಬದಲಿಸಿದ ಮೇಲೂ ದೋಷ ಹಾಗೇ ಉಳಿದರೆ ಅಚ್ಚರಿಪಡಬೇಕಿಲ್ಲ. ಸೆನ್ಸರ್ ಒಳಗೆ ಕೆಡುವಂಥ ವಸ್ತು ಇರುವುದೇ ಒಂದು. ಅಲ್ಲಿಂದ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ವರೆಗಿನ ದಾರಿಯಲ್ಲಿ ಕೆಡುವಂಥದ್ದು ಬೇಕಾದಷ್ಟಿದೆ.

ಆ ಒಂದು ವಸ್ತು ಥರ್ಮಿಸ್ಟರ್. ಹಿತ್ತಾಳೆಯ ತುದಿಯೊಳಗೆ ಕೂತ ಪುಟ್ಟ ಮಣಿ. ಬಿಸಿ ಏರಿದಂತೆ ಅದರ ರೋಧ (ಕರೆಂಟಿಗೆ ಒಡ್ಡುವ ತಡೆ, ಅಳತೆ ಓಂನಲ್ಲಿ) ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಸೆನ್ಸರ್‌ನಿಂದ ಎರಡು ತಂತಿ ಹೊರಡುತ್ತವೆ, ಒಂದು ಸಿಗ್ನಲ್, ಇನ್ನೊಂದು ರಿಟರ್ನ್. ಇಸಿಎಂ ತನ್ನೊಳಗಿನ ಒಂದು ಸ್ಥಿರ ರೆಸಿಸ್ಟರ್ ಮೂಲಕ ಸಿಗ್ನಲ್ ತಂತಿಗೆ 5 ವೋಲ್ಟ್ ಕೊಡುತ್ತದೆ. ಆ 5 ವೋಲ್ಟನ್ನು ಒಳಗಿನ ರೆಸಿಸ್ಟರ್ ಮತ್ತು ಹೊರಗಿನ ಥರ್ಮಿಸ್ಟರ್ ಹಂಚಿಕೊಳ್ಳುತ್ತವೆ. ಥರ್ಮಿಸ್ಟರ್ ಪಾಲಿಗೆ ಎಷ್ಟು ಬಂತು ಎಂದು ಅಳೆದು, ತನ್ನಲ್ಲಿರುವ ಪಟ್ಟಿಯ ಜೊತೆ ತಾಳೆ ನೋಡಿ, ಇಸಿಎಂ ತಾಪಮಾನ ಎಷ್ಟೆಂದು ತೀರ್ಮಾನಿಸುತ್ತದೆ. ಅದು ಬಿಸಿಯನ್ನು ನೋಡುವುದೇ ಇಲ್ಲ, ನೋಡುವುದು ವೋಲ್ಟನ್ನು. ಎಂಜಿನ್ ತಂಪಾಗಿಸುವ ದ್ರವ, ಅಂದರೆ ಕೂಲಂಟ್ ಬಿಸಿಯಾದರೆ ವೋಲ್ಟ್ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ.

ಹೀಗಾಗಿ ತಂತಿ ಎಲ್ಲಾದರೂ ಕಡಿದರೆ ವೋಲ್ಟ್ ಪೂರಾ 5ಕ್ಕೆ ಏರಿ, ಹೊರಗೆ ಬಿರುಬಿಸಿಲಿದ್ದರೂ ಇಸಿಎಂ −40 ಡಿಗ್ರಿ ಎಂದುಕೊಳ್ಳುತ್ತದೆ. ಆ ಓದನ್ನು ನಂಬಲಾಗದೆ, ಅಪಾಯ ಬೇಡವೆಂದು ಫ್ಯಾನನ್ನು ಪೂರ್ತಿ ಓಡಿಸುವುದೂ ಉಂಟು. ಎರಡು ತಂತಿ ಒಂದಕ್ಕೊಂದು ತಾಗಿದರೆ ಅಥವಾ ಸಿಗ್ನಲ್ ತಂತಿ ಎಂಜಿನ್‌ನ ಲೋಹದ ಬಾಡಿಗೆ ತಾಗಿದರೆ ವೋಲ್ಟ್ ಸೊನ್ನೆಗೆ ಬಿದ್ದು, ಮಂಜಿನಲ್ಲಿ ನಿಂತ ಎಂಜಿನ್ ಕೂಡ ಕುದಿಯುತ್ತಿದೆ ಎಂದು ನಂಬುತ್ತದೆ. ಕಡಿದರೆ ಚಳಿ, ತಾಗಿದರೆ ಜ್ವರ. ಇದಿಷ್ಟು ತಲೆಯಲ್ಲಿದ್ದರೆ ಅರ್ಧ ಹುಡುಕಾಟ ಮುಗಿದಂತೆ.

ಎಲ್ಲೆಡೆ ಬಳಕೆಯಲ್ಲಿರುವ ಒಂದು ಬಗೆಯ ಥರ್ಮಿಸ್ಟರ್‌ನ ಅಂಕಿಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5,900 ಓಂ, 20ರಲ್ಲಿ 2,500, 40ರಲ್ಲಿ 1,175, 60ರಲ್ಲಿ 595, 80ರಲ್ಲಿ 323, 100ರಲ್ಲಿ 187. ನಿಮ್ಮ ಯಂತ್ರದ್ದು ಬೇರೆ ಇರಬಹುದು, ಸರ್ವಿಸ್ ಮ್ಯಾನುಯಲ್‌ನ ಪಟ್ಟಿಯೇ ಅಂತಿಮ. ಇಲ್ಲಿ ಗಮನಿಸಬೇಕಾದದ್ದು ಇಳಿತದ ರೀತಿ. ಮೊದಲ 20 ಡಿಗ್ರಿಗೆ 3,400 ಓಂ ಇಳಿದರೆ ಕೊನೆಯ 20 ಡಿಗ್ರಿಗೆ ಇಳಿಯುವುದು ಬರೀ 136. ಈ ಏರುಪೇರೇ ಮುಂದೆ ದೊಡ್ಡ ಮೋಸ ಮಾಡುತ್ತದೆ.

ಎಕ್ಸ್‌ಕವೇಟರ್‌ನಲ್ಲಿ ಈ ಒಂದು ಅಂಕಿಯನ್ನು ನೆಚ್ಚಿಕೊಂಡವರು ಹಲವರು. ಸ್ಟಾರ್ಟ್ ಮಾಡುವಾಗಿನ ಇಂಧನದ ಪ್ರಮಾಣ, ಇನ್‌ಟೇಕ್ ಹೀಟರ್, ಎಂಜಿನ್ ತಾನಾಗಿ ಬೆಚ್ಚಗಾಗಲೆಂದು ಏರಿಸುವ ಐಡಲ್, ಫ್ಯಾನ್ ವೇಗ, ಬಿಸಿ ಮಿತಿ ಮೀರಿದಾಗ ಹೈಡ್ರಾಲಿಕ್ ಪಂಪಿನ ಹೊರೆ ಇಳಿಸುವುದು, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ ಅದರ ಮಸಿ ಸುಡುವ ರೀಜೆನರೇಷನ್‌ಗೆ ಅನುಮತಿ, ಹೀಗೆ. ಆದ್ದರಿಂದ ‘ಬಕೆಟ್ ನಿಧಾನ ಏಳುತ್ತಿದೆ’, ‘ಬಿಳಿ ಹೊಗೆ’, ‘ರೀಜೆನ್ ಶುರುವಾಗುವುದೇ ಇಲ್ಲ’ ಎಂಬ ದೂರುಗಳ ಬೇರು ಕೆಲವೊಮ್ಮೆ ಇಲ್ಲಿರುತ್ತದೆ.

ಕೋಡ್ ಏನು ಹೇಳುತ್ತದೆ

ದೋಷ ಕಂಡಾಗ ಇಸಿಎಂ ಒಂದು ಕೋಡ್ ದಾಖಲಿಸುತ್ತದೆ. ಯಂತ್ರದ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಜೆ1939 ಎಂಬ ಭಾಷೆಯಲ್ಲಿ ಎಂಜಿನ್ ಕೂಲಂಟ್ ತಾಪಮಾನಕ್ಕೆ ಎಸ್‌ಪಿಎನ್ 110 ಎಂಬ ಸಂಖ್ಯೆ. ಅದರ ಪಕ್ಕದ ಎಫ್‌ಎಂಐ ಸಂಖ್ಯೆ ದೋಷದ ಬಗೆ ಹೇಳುತ್ತದೆ. ಎಫ್‌ಎಂಐ 3 ಅಂದರೆ ವೋಲ್ಟ್ ಇರಬೇಕಾದ್ದಕ್ಕಿಂತ ಹೆಚ್ಚು, 4 ಅಂದರೆ ಕಡಿಮೆ. ಕ್ಯಾಟರ್‌ಪಿಲ್ಲರ್ ಯಂತ್ರದಲ್ಲಿ 110-3, 110-4 ಎಂದೇ ಕಾಣುತ್ತದೆ. ಕಮಿನ್ಸ್ ಎಂಜಿನ್‌ನಲ್ಲಿ ಇವೇ 144 ಮತ್ತು 145. ಕೊಮಾಟ್ಸುವಿನ ಅನೇಕ ಮಾದರಿಗಳಲ್ಲಿ ಸಿಎ144 ಮತ್ತು ಸಿಎ145. ಓದುವಾಗ ಒಂದು ಎಡವಟ್ಟು ಆಗುತ್ತದೆ. 144ರ ವಿವರಣೆಯಲ್ಲಿ ‘ಹೈ’ ಎಂದಿರುವುದನ್ನು ಕಂಡು ‘ಬಿಸಿ ಹೆಚ್ಚಾಗಿದೆ’ ಎಂದು ರೇಡಿಯೇಟರ್ ತೊಳೆಯಲು ಹೊರಡುವವರಿದ್ದಾರೆ. ಅಲ್ಲಿ ಹೈ ಆಗಿರುವುದು ವೋಲ್ಟ್. ವೋಲ್ಟ್ ಹೈ ಅಂದರೆ ಓದು ಚಳಿ, ಅಂದರೆ ಸರ್ಕ್ಯೂಟ್ ಎಲ್ಲೋ ಓಪನ್, ಕಡಿದಿದೆ.

ಎಫ್‌ಎಂಐ 0 ಅಥವಾ 16 ಬಂದರೆ ಕಥೆಯೇ ಬೇರೆ. ಸರ್ಕ್ಯೂಟ್ ಸರಿಯಿದೆ, ಓದು ನಂಬುವಂತಿದೆ, ಆದರೆ ಬಿಸಿ ಮಿತಿ ಮೀರಿದೆ ಎಂಬುದು ಇಸಿಎಂ ಅಭಿಪ್ರಾಯ. ಅಲ್ಲಿ ಮೊದಲು ನೋಡಬೇಕಾದ್ದು ಕೂಲಂಟ್ ಮಟ್ಟ, ಧೂಳು ಕಟ್ಟಿದ ರೇಡಿಯೇಟರ್, ಬೆಲ್ಟ್, ಬಿಸಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್. ಎಫ್‌ಎಂಐ 2 ಅಥವಾ 10 ಬಂದರೆ ಓದು ಜಿಗಿದಾಡುತ್ತಿದೆ ಎಂದರ್ಥ, ಸಡಿಲ ಪಿನ್‌ನ ವಾಸನೆ ಅದು. ಕೋಡ್ ಈಗ ಆಕ್ಟಿವ್ ಇದೆಯೋ, ಹಿಂದೆಂದೋ ದಾಖಲಾಗಿ ಕೂತಿದೆಯೋ, ಎಷ್ಟು ಬಾರಿ ಬಂದಿದೆ, ಮೊದಲು ಬಂದದ್ದು ಎಷ್ಟನೇ ಅವರ್ ಮೀಟರ್‌ನಲ್ಲಿ, ಇವನ್ನು ಬರೆದಿಟ್ಟುಕೊಂಡ ಮೇಲೆಯೇ ಅಳಿಸಿ. ಜೊತೆಗೆ ಬೇರೆ ಸೆನ್ಸರ್‌ಗಳ ಕೋಡ್‌ಗಳೂ ಸಾಲಾಗಿ ನಿಂತಿದ್ದರೆ ಕೂಲಂಟ್ ಸೆನ್ಸರನ್ನು ಮುಟ್ಟಲೇಬೇಡಿ. ಹಲವು ಸೆನ್ಸರ್‌ಗಳಿಗೆ ರಿಟರ್ನ್ ತಂತಿ ಒಂದೇ ಇರುತ್ತದೆ, ಕಡಿದಿರುವುದು ಬಹುಶಃ ಅದು.

ಮಾನಿಟರ್ ಸುಳ್ಳು ಹೇಳುತ್ತಿದೆಯೋ, ಇಸಿಎಂ ಸುಳ್ಳು ಹೇಳುತ್ತಿದೆಯೋ ಎಂಬುದೂ ತೀರ್ಮಾನವಾಗಬೇಕು. ಲ್ಯಾಪ್‌ಟಾಪಿನಲ್ಲಿ ಅಥವಾ ಮಾನಿಟರಿನ ಸರ್ವಿಸ್ ಮೆನುವಿನಲ್ಲಿ ಇಸಿಎಂ ಕಾಣುತ್ತಿರುವ ಅಂಕಿ ನೋಡಿ. ಅದು ಸರಿಯಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಗೇಜ್ ಕಡೆಯ ದೋಷ. ಹಳೆಯ ಮೆಕ್ಯಾನಿಕಲ್ ಪಂಪ್ ಎಂಜಿನ್‌ಗಳಲ್ಲಿ ಗೇಜಿಗೆ ಒಂದೇ ತಂತಿಯ ಸೆಂಡರ್ ಇರುತ್ತದೆ. ಅದು ಎಂಜಿನ್ ಬಾಡಿಯನ್ನೇ ರಿಟರ್ನ್ ಮಾಡಿಕೊಳ್ಳುತ್ತದೆ. ಅಂಥದ್ದರ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ಸರಿಯಾಗಿ ಸಿಗದೆ ಹೊಸ ಸೆಂಡರ್ ಕೂಡ ತಣ್ಣಗೆ ತೋರಿಸುತ್ತದೆ. ಎರಡು ತಂತಿಯ ಸೆನ್ಸರ್‌ಗೆ ಈ ತೊಂದರೆ ಇಲ್ಲ.

ಸಲಕರಣೆ ಮುಟ್ಟುವ ಮುಂಚೆ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆಗೆ ಒಂದು ಸ್ಪ್ಯಾನರ್ ಕೂಡ ಬೇಡ. ಯಂತ್ರ ಇಡೀ ರಾತ್ರಿ ನಿಂತಿರಲಿ. ಬೆಳಿಗ್ಗೆ ಕೀ ಆನ್ ಮಾತ್ರ ಮಾಡಿ, ಸ್ಟಾರ್ಟ್ ಬೇಡ. ಕೂಲಂಟ್, ಹೈಡ್ರಾಲಿಕ್ ಎಣ್ಣೆ, ಇಂಧನ, ಒಳಬರುವ ಗಾಳಿ, ಈ ನಾಲ್ಕರ ತಾಪಮಾನ ಓದಿ. ಎಲ್ಲವೂ ರಾತ್ರಿಯಿಡೀ ಒಂದೇ ಗಾಳಿಯಲ್ಲಿ ನಿಂತಿದ್ದವು, ಆದ್ದರಿಂದ ನಾಲ್ಕೈದು ಡಿಗ್ರಿಯೊಳಗೆ ಹೊಂದಬೇಕು. ಮೂರು 22, 23, 22 ಎನ್ನುತ್ತಿದ್ದು ಕೂಲಂಟ್ ಒಂದೇ 38 ಎಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಹಾಕಿಟ್ಟ ಯಂತ್ರದಲ್ಲಿ ಈ ಪರೀಕ್ಷೆ ನಡೆಯದು.

ಬಿಸಿಯಾದ ಮೇಲೆ ಇನ್ಫ್ರಾರೆಡ್ ಗನ್ ಹಿಡಿದು ಥರ್ಮೋಸ್ಟಾಟ್ ಹೌಸಿಂಗ್ ಅಳೆಯುವುದು ರೂಢಿ. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಗನ್ ಬಿಟ್ಟರೆ ಓದು ನಿಜಕ್ಕಿಂತ ಎಷ್ಟೋ ಕೆಳಗೆ ಬರುತ್ತದೆ, ಹೊಳಪು ಲೋಹ ಶಾಖವನ್ನು ಸರಿಯಾಗಿ ಹೊರಸೂಸುವುದಿಲ್ಲ. ಸೆನ್ಸರ್ ಪಕ್ಕದಲ್ಲೇ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ನಿಜಕ್ಕೂ ಎಂಜಿನ್ ಬೆಚ್ಚಗಾಗುತ್ತಲೇ ಇಲ್ಲವೋ ಎಂಬುದನ್ನೂ ಇಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದ್ದರೆ ತಂಪು ಹವೆಯಲ್ಲಿ ಕೂಲಂಟ್ 60ರ ಆಸುಪಾಸಿನಲ್ಲೇ ತೂಗಾಡುತ್ತದೆ. ಸೆನ್ಸರ್ ಪಾಪ ನಿಜವನ್ನೇ ಹೇಳುತ್ತಿರುತ್ತದೆ, ಬದಲಾಗುವುದು ಮಾತ್ರ ಅದೇ.

ಪ್ಲಗ್ ಕಳಚಿ, ತಂತಿ ಸೇರಿಸಿ

ಕೀ ಆಫ್ ಮಾಡಿ ಸೆನ್ಸರ್ ಕನೆಕ್ಟರ್ ಕಳಚಿ. ಮತ್ತೆ ಕೀ ಆನ್ ಮಾಡಿ ಕೋಡ್ ನೋಡಿ. ಮೊದಲು ಎಫ್‌ಎಂಐ 4 ಇದ್ದದ್ದು ಈಗ 3 ಆದರೆ ತಂತಿಗಳು ಮತ್ತು ಇಸಿಎಂ ಸರಿ, ಶಾರ್ಟ್, ಅಂದರೆ ತಾಗುವಿಕೆ, ಇದ್ದದ್ದು ಸೆನ್ಸರ್ ಒಳಗೆ. ಕಳಚಿದ ಮೇಲೂ 4 ಹಾಗೇ ಉಳಿದರೆ ಶಾರ್ಟ್ ಇರುವುದು ತಂತಿಗಳ ಕಟ್ಟಿನಲ್ಲಿ, ಅಂದರೆ ಹಾರ್ನೆಸ್‌ನಲ್ಲಿ.

ಮೊದಲೇ 3 ಇದ್ದರೆ ಇದರ ಉಲ್ಟಾ ಮಾಡಬೇಕು. ಕೀ ಆಫ್ ಮಾಡಿ, ಕನೆಕ್ಟರ್‌ನ ಎರಡು ಪಿನ್‌ಗಳ ನಡುವೆ ಒಂದು ತುಂಡು ತಂತಿ ಸೇರಿಸಿ, ಕೀ ಆನ್ ಮಾಡಿ. ಕೋಡ್ 4ಕ್ಕೆ ತಿರುಗಿದರೆ ದಾರಿ ಸರಿಯಿದೆ, ಸೆನ್ಸರ್ ಓಪನ್ ಆಗಿದೆ. 3 ಹಾಗೇ ಉಳಿದರೆ ಎರಡರಲ್ಲಿ ಒಂದು ತಂತಿ ಕಡಿದಿದೆ. ಯಾವುದು? ಸಿಗ್ನಲ್ ಪಿನ್ನನ್ನು ಎಂಜಿನ್ ಬಾಡಿಗೆ ತಾಗಿಸಿ. ಈಗ 4 ಬಂದರೆ ಸಿಗ್ನಲ್ ತಂತಿ ಕ್ಷೇಮ, ರಿಟರ್ನ್ ಕಡಿದಿದೆ. ಇಸಿಎಂ ಒಳಗಿನ ರೆಸಿಸ್ಟರ್ ಕರೆಂಟನ್ನು ಒಂದೆರಡು ಮಿಲಿಆಂಪಿಯರ್‌ಗೆ ಕಟ್ಟಿಹಾಕುವುದರಿಂದ ಈ ಸೇರಿಕೆಯಿಂದ ಏನೂ ಸುಡದು. ಆದರೆ ತಪ್ಪಿಯೂ 24 ವೋಲ್ಟ್ ತಂತಿಗೆ ತಾಗಿಸಬೇಡಿ. ಮೀಟರ್ ಪಿನ್ನನ್ನು ಹೆಣ್ಣು ಟರ್ಮಿನಲ್‌ಗೆ ತುರುಕಲೂಬೇಡಿ. ಅದು ಅಗಲವಾಗಿ, ಇಲ್ಲದ ಸಡಿಲ ಪಿನ್ ದೋಷವೊಂದನ್ನು ನೀವೇ ಹುಟ್ಟಿಸಿದಂತಾಗುತ್ತದೆ.

ಕನೆಕ್ಟರ್ ಕಳಚಿರುವಾಗಲೇ ಎರಡು ಪಿನ್‌ಗಳ ನಡುವೆ ವೋಲ್ಟ್ ಅಳೆಯಿರಿ. 5ರ ಅಕ್ಕಪಕ್ಕ ಇರಬೇಕು. 24 ಕಂಡರೆ ಅಲ್ಲೇ ಕೀ ಆಫ್ ಮಾಡಿ. ಹಾರ್ನೆಸ್ ಒಳಗೆ ಸಿಗ್ನಲ್ ತಂತಿ ಬ್ಯಾಟರಿ ತಂತಿಯ ಜೊತೆ ಉಜ್ಜಿ ಬೆಸೆದುಕೊಂಡಿದೆ.

ಕೋಡ್ ಬಾರದ ಕಾಯಿಲೆಗಳು

ಪೂರ್ತಿ ಕಡಿದದ್ದು, ಪೂರ್ತಿ ತಾಗಿದ್ದು ಸುಲಭದ ಕೇಸು. ಇಸಿಎಂ ಕೋಡ್ ಹಾಕುವುದು ವೋಲ್ಟ್ ಎರಡು ತುದಿಗಳಲ್ಲೊಂದಕ್ಕೆ ಹೋದಾಗ ಮಾತ್ರ. ನಡುವೆ ಎಲ್ಲೇ ಇದ್ದರೂ ಅದನ್ನು ನಿಜವಾದ ತಾಪಮಾನ ಎಂದೇ ನಂಬುತ್ತದೆ. ಹೆಚ್ಚು ದಿನ ಕಾಡುವ ದೋಷಗಳು ಇರುವುದು ಆ ನಡುವಿನಲ್ಲಿ, ಮತ್ತು ಅವು ಎರಡು ಜಾತಿ.

ಒಂದನೆಯದು ಪಿನ್‌ಗೆ ಹಸಿರು ತುಕ್ಕು ಹತ್ತಿ ದಾರಿಯಲ್ಲಿ ಹೆಚ್ಚುವರಿ ರೋಧ ಸೇರಿಕೊಳ್ಳುವುದು. ಅದು 300 ಓಂ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 20 ಡಿಗ್ರಿಯಲ್ಲಿ ಸೆನ್ಸರ್‌ನ 2,500ಕ್ಕೆ 300 ಸೇರಿ 2,800 ಆಗುತ್ತದೆ, ಇಸಿಎಂ ಅದನ್ನು ಸುಮಾರು 17 ಎಂದು ಓದುತ್ತದೆ. ಯಾರ ಕಣ್ಣಿಗೂ ಬೀಳದ ವ್ಯತ್ಯಾಸ. ಅದೇ ಎಂಜಿನ್ 80ಕ್ಕೆ ಬಂದಾಗ 323ಕ್ಕೆ 300 ಸೇರಿ 623. ಇಸಿಎಂ ಓದು 59. ಇಪ್ಪತ್ತೊಂದು ಡಿಗ್ರಿ ನಾಪತ್ತೆ. ಎಂಜಿನ್ ನಿಜಕ್ಕೂ ಕುದಿಯತೊಡಗಿದರೂ ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ತುಕ್ಕು ತಣ್ಣಗಿದ್ದಾಗ ಸಾಧು, ಬಿಸಿಯಾದಾಗ ಸುಳ್ಳ.

ಎರಡನೆಯದು ಸೋರಿಕೆ. ಪ್ರೆಶರ್ ವಾಷರ್ ನೀರು ಕನೆಕ್ಟರ್ ಒಳಹೊಕ್ಕು ಎರಡು ಪಿನ್‌ಗಳ ನಡುವೆ ಒದ್ದೆ ಸೇತುವೆ ಕಟ್ಟುತ್ತದೆ. ಅದು 10,000 ಓಂ ಎಂದುಕೊಂಡರೆ, 80 ಡಿಗ್ರಿಯಲ್ಲಿ 323ರ ಪಕ್ಕಕ್ಕೆ ನಿಂತ ಈ ದೊಡ್ಡ ರೋಧದಿಂದ ಒಂದೇ ಡಿಗ್ರಿ ವ್ಯತ್ಯಾಸ. ಆದರೆ 0 ಡಿಗ್ರಿಯಲ್ಲಿ 5,900ರ ಪಕ್ಕ ನಿಂತರೆ ಒಟ್ಟು ರೋಧ 3,700ಕ್ಕೆ ಇಳಿಯುತ್ತದೆ, ಓದು ಹತ್ತು ಡಿಗ್ರಿ ದಾಟುತ್ತದೆ. ಕೊರೆಯುವ ಚಳಿಯಲ್ಲಿ ಹೀಟರಿಗೆ, ಇಂಧನಕ್ಕೆ ಸಿಗುವ ಲೆಕ್ಕ ತಪ್ಪಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಬಿಸಿಯಾದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿ. ಸೋರಿಕೆ ಚಳಿಯಲ್ಲಿ ಸುಳ್ಳ, ಬಿಸಿಯಲ್ಲಿ ಸಾಧು.

ಆದ್ದರಿಂದ ಆಪರೇಟರ್‌ಗೆ ಕೇಳಬೇಕಾದ ಪ್ರಶ್ನೆ ‘ಗೇಜ್ ತಪ್ಪು ತೋರಿಸುತ್ತಿದೆಯೇ’ ಎಂದಲ್ಲ, ‘ಯಾವ ಹೊತ್ತಿನಲ್ಲಿ ತಪ್ಪು ತೋರಿಸುತ್ತದೆ’ ಎಂದು.

ಕಳಚಿದ ಕನೆಕ್ಟರ್‌ನಲ್ಲಿ 5 ವೋಲ್ಟ್ ಕಂಡಿತೆಂದು ತುಕ್ಕಿನ ದೋಷ ಇಲ್ಲ ಎನ್ನಲಾಗದು. ಕರೆಂಟ್ ಹರಿಯದಿದ್ದಾಗ ಒಂದೇ ಎಳೆ ಉಳಿದ ತಂತಿಯೂ ಪೂರ್ತಿ 5 ತೋರಿಸುತ್ತದೆ. ಸೋರಿಕೆ ಹಾರ್ನೆಸ್ ಕಡೆಗಿದ್ದರೆ ಮಾತ್ರ ಆ ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಇಸಿಎಂ ಒಳಗಿನ ರೆಸಿಸ್ಟರ್ 2,200 ಓಂ ಆಗಿದ್ದರೆ, 10,000 ಓಂ ಸೋರಿಕೆಗೆ 5ರ ಬದಲು 4.1 ಕಾಣುತ್ತದೆ. ತುಕ್ಕನ್ನು ಹಿಡಿಯಬೇಕಾದರೆ ಸೆನ್ಸರ್ ಜೋಡಿಸಿರುವಾಗಲೇ ಕನೆಕ್ಟರ್ ಹಿಂಭಾಗದಿಂದ ತೆಳ್ಳನೆ ಪಿನ್ ತೂರಿಸಿ ಅಳೆಯಬೇಕು. ರಿಟರ್ನ್ ಪಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಕೆಲವು ಹತ್ತು ಮಿಲಿವೋಲ್ಟ್ ಇರಬಹುದು. ಎಂಜಿನ್ ಬಿಸಿಯಿರುವಾಗ ಅಲ್ಲಿ ಅರ್ಧ ವೋಲ್ಟ್ ಕಂಡರೆ ಮೇಲೆ ಹೇಳಿದ 300 ಓಂ ಆ ತಂತಿಯಲ್ಲೇ ಕೂತಿದೆ ಎಂದು ತಿಳಿಯಿರಿ.

ಇದಕ್ಕಿಂತ ಸಲೀಸಾದ ದಾರಿ ಎರಡು ರೆಸಿಸ್ಟರ್‌ಗಳದ್ದು. ಸೆನ್ಸರ್ ಬದಲು ಕನೆಕ್ಟರ್‌ಗೆ 330 ಓಂ ರೆಸಿಸ್ಟರ್ ಜೋಡಿಸಿ. ಮೇಲಿನ ಪಟ್ಟಿಯ ಪ್ರಕಾರ ಇಸಿಎಂ 79ರ ಆಸುಪಾಸು ಓದಬೇಕು. ಆಮೇಲೆ 2,400 ಓಂ ಜೋಡಿಸಿ, 21 ಬರಬೇಕು. ಎರಡೂ ಸರಿಬಂದರೆ ತಂತಿ, ಇಸಿಎಂ ಎರಡೂ ನಿರ್ದೋಷಿ. ಉಳಿಯುವುದು ಸೆನ್ಸರ್ ಮತ್ತು ಅದರ ಪಿನ್‌ಗಳ ಹಿಡಿತ. 330ಕ್ಕೆ 60 ಬಂದು 2,400ಕ್ಕೆ ಹೆಚ್ಚುಕಮ್ಮಿ ಸರಿ ಬಂದರೆ ದಾರಿಯಲ್ಲಿ ತುಕ್ಕು. ಹತ್ತು ನಿಮಿಷದ ಕೆಲಸ, ಕೂಲಂಟ್ ಒಂದು ಹನಿ ಚೆಲ್ಲುವುದಿಲ್ಲ. ಇದೇ ರೆಸಿಸ್ಟರನ್ನು ಕಾಯಂ ಆಗಿ ಬಿಟ್ಟು ‘ಅಲಾರಂ ನಿಂತಿತು’ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಆ ಎಂಜಿನ್‌ಗೆ ಜ್ವರ ಬಂದ ಸುದ್ದಿ ಹೆಡ್ ಗ್ಯಾಸ್ಕೆಟ್ ಹೋದ ಮೇಲೆಯೇ ಗೊತ್ತಾಗುವುದು.

ಹಾರ್ನೆಸ್ ಎಲ್ಲಿ ಕೆಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಟರ್ಬೊ ಮತ್ತು ಎಕ್ಸಾಸ್ಟ್ ಪಕ್ಕ ಹಾದುಹೋಗುವ ಕಡೆ ಕವಚ ಗರಿಗರಿಯಾಗಿ ಒಡೆಯುತ್ತದೆ. ಕ್ಲಿಪ್ ಬಿದ್ದುಹೋದ ಕಡೆ ಬ್ರಾಕೆಟ್ ಅಂಚು ಗರಗಸದಂತೆ ಉಜ್ಜುತ್ತದೆ. ಬ್ರೇಕರ್ ಹಾಕಿಕೊಂಡು ಬಂಡೆ ಒಡೆಯುವ ಯಂತ್ರದಲ್ಲಿ ಇದು ಬಲು ಬೇಗ. ಇಲಿ ಕಡಿದದ್ದೂ ಉಂಟು. ಎಂಜಿನ್ ಐಡಲ್‌ನಲ್ಲಿರುವಾಗ ಲೈವ್ ಅಂಕಿ ನೋಡುತ್ತಾ, ಬಿಸಿ ಭಾಗ ಮತ್ತು ತಿರುಗುವ ಫ್ಯಾನ್‌ನಿಂದ ಕೈ ದೂರವಿಟ್ಟು, ಹಾರ್ನೆಸನ್ನು ಒಂದೊಂದು ಗೇಣಿನಷ್ಟೇ ಅಲುಗಿಸುತ್ತಾ ಹೋಗಿ. ನಿಜವಾದ ಕೂಲಂಟ್ ಒಂದು ಕ್ಷಣದಲ್ಲಿ 20 ಡಿಗ್ರಿ ಜಿಗಿಯಲಾರದು. ಅಂಕಿ ಜಿಗಿದ ಜಾಗದಲ್ಲೇ ಬಿಚ್ಚಿ ನೋಡಿ. ತಂತಿ ಪರೀಕ್ಷೆಗೆಂದು ಕವಚಕ್ಕೆ ಸೂಜಿ ಚುಚ್ಚಬೇಡಿ, ಆ ತೂತಿನಿಂದಲೇ ಮುಂದಿನ ಮಳೆಗಾಲದ ತುಕ್ಕು ಶುರುವಾಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಓಂ ಅಳೆಯುವುದಾದರೆ ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ ಆಫ್ ಆಗಿ ಇಸಿಎಂ ಪ್ಲಗ್ ಕಳಚಿರಬೇಕು.

ಸೆನ್ಸರ್ ಮೇಲೇ ಅನುಮಾನ ನಿಂತರೆ

ಎಂಜಿನ್ ಪೂರ್ತಿ ಆರಲಿ. ಬಿಸಿ ಎಂಜಿನ್‌ನಲ್ಲಿ ಕೂಲಂಟ್ ಒತ್ತಡದಲ್ಲಿರುತ್ತದೆ, ಸೆನ್ಸರ್ ಬಿಚ್ಚಿದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರ್ ಕ್ಯಾಪನ್ನು ನಿಧಾನ ತಿರುಗಿಸಿ ಒತ್ತಡ ಬಿಡಿ, ಕೂಲಂಟನ್ನು ಸೆನ್ಸರ್ ಮಟ್ಟಕ್ಕಿಂತ ಕೆಳಗಿಳಿಯುವಷ್ಟು ಶುದ್ಧ ಪಾತ್ರೆಗೆ ಇಳಿಸಿ, ಆಮೇಲೆ ಆಳದ ಸಾಕೆಟ್ ಹಾಕಿ ಬಿಚ್ಚಿ.

ತೆಗೆದ ಸೆನ್ಸರ್‌ನ ತುದಿ ಮಾತ್ರ ನೀರಲ್ಲಿ ಮುಳುಗುವಂತೆ ದಾರದಲ್ಲಿ ಇಳಿಬಿಡಿ. ಪಾತ್ರೆಯ ತಳಕ್ಕೆ ತಾಗಬಾರದು, ಪಿನ್‌ಗಳು ಒದ್ದೆಯಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್. ಮಂಜುಗಡ್ಡೆ ತೇಲುವ ನೀರಿನಲ್ಲಿ 0, ಕುದಿಯುವ ನೀರಿನಲ್ಲಿ 100. ಎತ್ತರದ ಜಾಗದಲ್ಲಿ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆ ಎಂದು ಲೆಕ್ಕ ಹಾಕಿಕೊಳ್ಳಿ. ನಡುವೆ ಎರಡು ಮೂರು ಕಡೆ ಓಂ ಬರೆದುಕೊಂಡು ಮ್ಯಾನುಯಲ್ ಪಟ್ಟಿಗೆ ಹೋಲಿಸಿ. ರೋಧ ನುಣ್ಣಗೆ ಇಳಿಯಬೇಕು; ಒಂದೆಡೆ ತಟ್ಟನೆ ಹಾರಿದರೆ ಒಳಗಿನ ಬೆಸುಗೆ ಬಿಟ್ಟಿದೆ. ಪಿನ್‌ಗೂ ಲೋಹದ ಮೈಗೂ ನಡುವೆ ಮೀಟರ್ ಏನೂ ತೋರಿಸಬಾರದು. ತುದಿಗೆ ಕಲ್ಲಿನಂಥ ಪದರ ಕಟ್ಟಿದ್ದರೆ ಓದು ಕೊನೆಗೆ ಸರಿಯಾಗಿಯೇ ಬರುತ್ತದೆ, ಆದರೆ ತಡವಾಗಿ. ಅದು ಸೆನ್ಸರ್ ತಪ್ಪಲ್ಲ, ಕೂಲಂಟ್ ಬದಲು ಬರೀ ಗಡಸು ನೀರು ಹಾಕಿದ್ದರ ಫಲ.

ಹೊಸದನ್ನು ಹಾಕುವಾಗ ಬಹಳ ಜನ ಮೋಸಹೋಗುವುದು ಮರೆಯ ಅಳತೆ ನೋಡಿ. ಮರೆ ಒಂದೇ, ಕನೆಕ್ಟರ್ ಒಂದೇ, ಒಳಗಿನ ಥರ್ಮಿಸ್ಟರ್ ಮಾತ್ರ ಬೇರೆ ಜಾತಿಯದ್ದು. ಬಳಕೆಯಲ್ಲಿರುವ ಇನ್ನೊಂದು ಬಗೆ 20 ಡಿಗ್ರಿಯಲ್ಲಿ ಸುಮಾರು 3,500 ಓಂ, 80ರಲ್ಲಿ 332 ಓಂ. ಇದನ್ನು ಮೊದಲ ಪಟ್ಟಿಯ ಯಂತ್ರಕ್ಕೆ ಹಾಕಿದರೆ ಕೆಲಸದ ಬಿಸಿಯಲ್ಲಿ ಒಂದು ಡಿಗ್ರಿಯೂ ತಪ್ಪುವುದಿಲ್ಲ, ಬೆಳಗಿನ 20 ಮಾತ್ರ 12 ಎಂದು ಕಾಣುತ್ತದೆ. ಪಾರ್ಟ್ ನಂಬರ್ ಹೊಂದಿಸಿ. ಅನುಮಾನವಿದ್ದರೆ ಹಾಕುವ ಮುಂಚೆಯೇ ಹೊಸದರ ಓಂ ಅಳೆದು ನೋಡಿ.

ಓ-ರಿಂಗ್ ಅಥವಾ ವಾಷರ್ ಹೊಸದೇ ಇರಲಿ. ಬಿಗಿತ ಮ್ಯಾನುಯಲ್ ಹೇಳಿದಷ್ಟೇ. ಹಿತ್ತಾಳೆ ಮೈ ಸುಲಭವಾಗಿ ತಿರುಚಿಕೊಳ್ಳುತ್ತದೆ. ಇಳಿಸಿದ್ದ ಕೂಲಂಟ್ ತುಂಬಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆ ನಿಲ್ಲುವವರೆಗೆ ಬಿಡಿ. ಇದನ್ನು ಮರೆತರೆ ಸೆನ್ಸರ್ ತುದಿ ಗಾಳಿಗುಳ್ಳೆಯಲ್ಲಿ ನಿಂತು ಓದು ತೂರಾಡುತ್ತದೆ, ಹೊಸ ಸೆನ್ಸರೂ ಕೆಟ್ಟದ್ದೆಂದು ಇನ್ನೊಂದು ತರಿಸುವ ಮಟ್ಟಕ್ಕೆ ಹೋಗುತ್ತದೆ. ಕೋಡ್ ಅಳಿಸಿ, ತಣ್ಣನೆ ಎಂಜಿನ್‌ನಿಂದ ಶುರುಮಾಡಿ ಅಂಕಿ ಏರುವುದನ್ನು ನೋಡುತ್ತಾ ಇರಿ. ಥರ್ಮೋಸ್ಟಾಟ್ ಮೇಲೆ ಅಚ್ಚಾದ ತಾಪಮಾನದ ಹತ್ತಿರ ಏರಿಕೆ ಸ್ವಲ್ಪ ತಡೆದು, ಮೇಲಿನ ಹೋಸ್ ತಟ್ಟನೆ ಬಿಸಿಯಾಗಬೇಕು, ಕಪ್ಪು ಟೇಪಿನ ಮೇಲಿನ ಗನ್ ಓದು ಮಾನಿಟರಿನ ಅಂಕಿಯ ಹತ್ತಿರ ಬರಬೇಕು. ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಆ ನಾಲ್ಕು ತಾಪಮಾನಗಳನ್ನು ಇನ್ನೊಮ್ಮೆ ಓದಿ ಬರೆದಿಡಿ.